ರಾಯಭಾರಿಗೆ ಕೊನೆಯ ಕರಟ

ನಮ್ಮ ಸರ್ಕಾರದ ವಿದೇಶಾಂಗ ನೀತಿಯನ್ನು ಮೂರು ದಿನಗಳ ಮಟ್ಟಿಗೆ ಪೆನೆಹುರೊ ಒಬ್ಬನೇ ನಡೆಸಿದ. ಈ ಸಂಗತಿ ಯಾವ ವಾರ್ಷಿಕ ವರದಿಯಲ್ಲೂ ಬಂದಿಲ್ಲ. ಬರದಂತೆ ನೋಡಿಕೊಂಡವನು ನಾನು, ಏಕೆಂದರೆ ಆ ವರದಿ ಬರೆಯುವವನೂ ನಾನೇ.

ನಮ್ಮ ದ್ವೀಪದ ರಾಜಧಾನಿ ಅಪಿಯಾದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕಚೇರಿಯೊಂದರಲ್ಲಿ ನನ್ನ ಮೇಜು. ಪರದೇಶಗಳಿಗೆ ಹೋಗುವ ಪತ್ರ ಬರೆಯುವುದು ನನ್ನ ಕೆಲಸ. 'ಕಳವಳ'ಕ್ಕೂ 'ತೀವ್ರ ಕಳವಳ'ಕ್ಕೂ ಎಷ್ಟು ಅಂತರವಿದೆ ಎಂದು ಯಾರು ಕೇಳಿದರೂ ಥಟ್ಟನೆ ಹೇಳಬಲ್ಲೆ. ಪೆನೆಹುರೊನ ಮೇಜು ನನ್ನ ಮೇಜಿನ ಪಕ್ಕ, ಅವನ ಮನೆ ನನ್ನ ಮನೆಯ ಪಕ್ಕ. ನಮ್ಮೂರಿನ ಮನೆಗಳಿಗೆ ಕಂಬಗಳುಂಟು, ಗೋಡೆಗಳಿಲ್ಲ. ಹೀಗಾಗಿ ಅವನ ಬಾಳಿನಲ್ಲಿ ನನಗೆ ಗೊತ್ತಾಗದೆ ನಡೆದದ್ದು ಕಡಿಮೆ.

ಅವನು ಶಿಷ್ಟಾಚಾರ ವಿಭಾಗದ ಗುಮಾಸ್ತ. ಶಿಷ್ಟಾಚಾರ ಎಂದರೆ ಕುರ್ಚಿ. ಯಾರ ಕುರ್ಚಿ ಯಾರ ಪಕ್ಕದಲ್ಲಿರಬೇಕು, ಯಾರದಕ್ಕೆ ಮೆತ್ತೆ ಹಾಕಬೇಕು, ಯಾವುದರ ಕಾಲು ಅಲುಗಾಡುತ್ತದೆ, ಆ ಅಲುಗಾಡುವ ಕುರ್ಚಿಗೆ ಯಾವ ದೇಶವನ್ನು ಕೂರಿಸಿದರೆ ಹೆಚ್ಚು ತೊಂದರೆಯಿಲ್ಲ, ಇದೆಲ್ಲ ಅವನಿಗೆ ಬಾಯಿಪಾಠ. ಹದಿನಾರು ವರ್ಷ ಕುರ್ಚಿ ಜೋಡಿಸಿದ ಅವನಿಗೆ ಒಂದು ದಿನವೂ ಯಾರೂ "ಕೂತ್ಕೊಳಪ್ಪ" ಅಂದಿರಲಿಲ್ಲ, "ನೀನೇನಂತೀಯ?" ಎಂದೂ ಕೇಳಿರಲಿಲ್ಲ.

ನಮ್ಮಲ್ಲಿ ಪರದೇಶದವರನ್ನು ಅವರು ಕೊಟ್ಟ ವಸ್ತುವಿನ ಹೆಸರಿನಿಂದ ಕರೆಯುವುದು ರೂಢಿ. ಸೇತುವೆ ಕಟ್ಟಿಕೊಟ್ಟವರು ಸೇತುವೆಯವರು. ಮೂರು ವರ್ಷಕ್ಕೊಮ್ಮೆ ಆಸ್ಪತ್ರೆಯ ಹಡಗು ಕಳಿಸುವವರು ಹಡಗಿನವರು. ನಿಜವಾದ ಹೆಸರು ನಾನು ಹೇಳುವುದಿಲ್ಲ; ಹೇಳಿದರೆ ಎರಡೂ ಕಡೆಯಿಂದ ಪತ್ರ ಬರುತ್ತದೆ, ಉತ್ತರ ನಾನೇ ಬರೆಯಬೇಕಾಗುತ್ತದೆ. ಆ ವರ್ಷ ಈ ಎರಡು ದೇಶಗಳಿಗೂ ಜಗಳ ಹತ್ತಿತ್ತು. ನಮ್ಮಿಂದ ಸಾವಿರಾರು ಮೈಲಿ ದೂರ, ಯಾವುದೋ ಸಮುದ್ರದಲ್ಲಿ ಒಂದು ಬಂಡೆ. ಅದರ ಮೇಲೆ ಮನುಷ್ಯರಿಲ್ಲ, ಬರೀ ಹಕ್ಕಿಗಳು. ಬಂಡೆ ನಮ್ಮದು ಎಂದು ಇವರು, ನಮ್ಮದು ಎಂದು ಅವರು. ಇಬ್ಬರ ಯುದ್ಧನೌಕೆಗಳೂ ಅದರ ಸುತ್ತ ಗಿರಕಿ ಹೊಡೆಯುತ್ತಿದ್ದವು. ಹಕ್ಕಿಗಳ ಅಭಿಪ್ರಾಯವನ್ನೂ ಯಾರೂ ಕೇಳಿರಲಿಲ್ಲ.

ನಮ್ಮ ಸರ್ಕಾರದ ನಿಲುವು ಸ್ಪಷ್ಟವಾಗಿತ್ತು: ಇಬ್ಬರೂ ನಮ್ಮವರೇ. ಇದನ್ನು ಕಾಗದದ ಮೇಲೆ ನಾನು ಹನ್ನೊಂದು ಸಲ ಬರೆದಿದ್ದೆ. ಆದರೆ ಅತಿಥಿಗಳಿಗೆ ಆವಾ ಕುಡಿಸುವ ಸರ್ಕಾರಿ ಸಮಾರಂಭ ಹತ್ತಿರ ಬಂದಾಗ ಕಾಗದದಿಂದ ಉಪಯೋಗವಾಗಲಿಲ್ಲ. ಆವಾ ಬೇರನ್ನು ನೀರಿನಲ್ಲಿ ಕಿವುಚಿ, ಸೋಸಿ, ತೆಂಗಿನ ಕರಟದಲ್ಲಿ ತುಂಬಿ, ಒಬ್ಬೊಬ್ಬರ ಹೆಸರು ಕೂಗಿ ಕೊಡುತ್ತೇವೆ. ಎಲ್ಲರಿಗೂ ಸಿಗುವುದು ಅದೇ ಆವಾ, ಅದೇ ಕರಟ. ಆದರೆ ಯಾರ ಹೆಸರನ್ನು ಎಷ್ಟನೆಯದಾಗಿ ಕೂಗಿದರು ಎಂಬುದರ ಮೇಲೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟದ್ದುಂಟು. ಇಬ್ಬರು ರಾಯಭಾರಿಗಳೂ ಬರುತ್ತಾರೆ, ಮೊದಲ ಕರಟ ಯಾರಿಗೆ?

ಕಾರ್ಯದರ್ಶಿ ಲೇಸಾ ಈ ಬಗ್ಗೆ ಎರಡು ದಿನ ಸಭೆ ನಡೆಸಿದರು. ಅವರು ಕಚೇರಿಗೆ ಕಾರ್ಯದರ್ಶಿ, ಅವರ ಊರಿಗೆ ಮುಖ್ಯಸ್ಥ. ಎರಡೂ ಕಡೆ ಸೇರಿ ಅವರಿಗೆ ರಕ್ತದೊತ್ತಡ. ಎರಡನೆಯ ದಿನ ಸಂಜೆ ಯಾರಿಗೂ ಏನೂ ಹೊಳೆಯದೆ ಕೂತಿದ್ದಾಗ, ಹೆಚ್ಚುವರಿ ಕುರ್ಚಿ ತಂದಿಡಲು ಒಳಗೆ ಬಂದ ಪೆನೆಹುರೊ ಕೆಮ್ಮಿದ.

"ಸಾರ್, ಒಬ್ರಿಗೆ ಮೊದಲ್ನೇದು ಕೊಡಿ. ಇನ್ನೊಬ್ರಿಗೆ ಕೊನೇದು ಕೊಡಿ. ಎರಡೂ ಸಮ ಆಯ್ತಲ್ಲ."

ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು ಅದು: ಮೊದಲ ಕರಟ ಎಷ್ಟು ದೊಡ್ಡದೋ ಕೊನೆಯ ಕರಟವೂ ಅಷ್ಟೇ ದೊಡ್ಡದು. ಕೂಟವನ್ನು ಮುಗಿಸುವ ಗೌರವ ಎಲ್ಲರಿಗೂ ಸಿಗುವಂಥದ್ದಲ್ಲ. ಲೇಸಾ ಎದ್ದು ಬಂದು ಪೆನೆಹುರೊನ ಹೆಗಲ ಮೇಲೆ ಕೈಯಿಟ್ಟರು. ಇಲ್ಲಿ ಬೆಳೆದ ಯಾರಿಗೂ ಇದರಲ್ಲಿ ತಪ್ಪು ಕಾಣುವಂತಿರಲಿಲ್ಲ. ನಮ್ಮ ಕೋಣೆಯಲ್ಲಿದ್ದವರೆಲ್ಲ ಇಲ್ಲಿ ಬೆಳೆದವರೇ ಆಗಿದ್ದರು.

ಸಮಾರಂಭದ ದಿನ ಮೊದಲ ಕರಟ ಸೇತುವೆಯ ರಾಯಭಾರಿಗೆ ಹೋಯಿತು. ಅವರು ಗುಂಡಗಿನ, ಗಂಭೀರ ಮನುಷ್ಯ. ಕುಡಿದು ಬಾಯಿ ಒರೆಸಿಕೊಂಡು ಅತ್ತಿತ್ತ ನೋಡಿದರು. ಆಮೇಲೆ ಮಂತ್ರಿಗಳು ಕುಡಿದರು, ಪಾದ್ರಿಗಳು ಕುಡಿದರು, ಬ್ಯಾಂಕಿನವರು ಕುಡಿದರು, ರಗ್ಬಿ ತಂಡದ ಕಪ್ತಾನ ಕುಡಿದ, ಬಂದರಿನಲ್ಲಿ ಕ್ರೇನ್ ಓಡಿಸುವವರ ಸಂಘದ ಅಧ್ಯಕ್ಷ ಎರಡು ಸಲ ಕೆಮ್ಮಿ ಕುಡಿದ. ಹಡಗಿನ ರಾಯಭಾರಿ ಇದನ್ನೆಲ್ಲ ನೋಡುತ್ತ ಕೂತಿದ್ದರು. ಅವರು ಬಂದು ಮೂರು ತಿಂಗಳಾಗಿತ್ತು. ತೆಳ್ಳಗೆ, ಎತ್ತರಕ್ಕೆ, ಬಿಸಿಲಿಗೆ ಸುಲಿದ ಮೂಗಿನವರು. ನಮ್ಮ ಭಾಷೆಯನ್ನು ಸೇತುವೆಯವರಂತೆ ಅವರೂ ಪುಸ್ತಕದಿಂದಲೇ ಕಲಿತಿದ್ದರು, ಆದರೆ ಆ ಪುಸ್ತಕದಲ್ಲಿ ಕರಟದ ಪಾಠ ಇರಲಿಲ್ಲ ಎಂದು ಕಾಣುತ್ತದೆ. ಹದಿನಾರನೆಯ ಕರಟ ಆದ ಮೇಲೆ, ಪೆನೆಹುರೊ ಎದೆಯುಬ್ಬಿಸಿ ಅವರ ಹೆಸರು ಕೂಗಿದ. ಅವರು ಒಂದೇ ಗುಟುಕಿಗೆ ಕುಡಿದರು, ಕರಟ ಹಿಂದಿರುಗಿಸಿದರು, ಹಂದಿ ಮಾಂಸವನ್ನೂ ಕೆಸುವಿನ ಗೆಡ್ಡೆಯನ್ನೂ ಮುಟ್ಟದೆ ಕಾರು ಹತ್ತಿ ಹೋದರು.

ಊಟ ಬಿಟ್ಟು ಹೋದದ್ದನ್ನು ಇಡೀ ಅಪಿಯಾ ಗಮನಿಸಿತು. ಗಮನಿಸದವನು ಪೆನೆಹುರೊ ಒಬ್ಬನೇ. ಅವನು ಅಂದು ಮನೆಗೆ ಬಂದದ್ದೇ ಬೇರೆ ನಡಿಗೆಯಲ್ಲಿ.

"ನಮ್ಮ ವಿದೇಶಾಂಗ ನೀತಿಗೆ ಇವತ್ತು ಒಂದು ದಿಕ್ಕು ತೋರಿಸ್ದೆ ಅತ್ತೆ," ಎಂದ.

ಅವನ ಅತ್ತೆ ಸೊಲೊನೈಮಾ ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಊರಿಗೆಲ್ಲ ಅವಳು ಅಜ್ಜಿ.

"ಹೌದೇನಪ್ಪ. ಹಾಗೇ ಆ ನೀರಿನ ಕೊಡಕ್ಕೂ ಒಂದು ದಿಕ್ಕು ತೋರಿಸು. ಬೆಳಿಗ್ಗೆಯಿಂದ ಹೊರಗೇ ಕೂತಿದೆ."

ಅಜ್ಜಿಗೆ ಕಣ್ಣು ಕಾಣದೆ ಒಂಬತ್ತು ವರ್ಷ. ಪೊರೆ ಎರಡೂ ಕಣ್ಣಿಗೆ ಬಂದು ಪೂರ್ತಿ ಬೆಳ್ಳಗಾಗಿತ್ತು. ನಮ್ಮ ಕೇರಿಯಲ್ಲಿ ಅವಳಷ್ಟು ನವಿರಾಗಿ ಚಾಪೆ ನೇಯುವವರು ಇರಲಿಲ್ಲ. ಕೇದಗೆ ಎಲೆಯನ್ನು ನೂಲಿನಂತೆ ಸೀಳಿ, ಸೀರೆಯಷ್ಟು ಮೃದುವಾಗಿ ನೇಯುವ ಆ ಚಾಪೆಗಳನ್ನು ನಾವು ನೆಲಕ್ಕೆ ಹಾಸುವುದಿಲ್ಲ. ಮದುವೆಯಲ್ಲಿ, ಸಾವಿನಲ್ಲಿ, ಪಟ್ಟ ಕಟ್ಟುವಲ್ಲಿ ಕೊಡುತ್ತೇವೆ. ಅಜ್ಜಿಯ ಕೊನೆಯ ಚಾಪೆಗೆ ಐದು ವರ್ಷ ಹಿಡಿದಿತ್ತು, ಕಡೆಯ ಎರಡು ಗೇಣನ್ನು ಅವಳು ಬೆರಳಿನಲ್ಲೇ ನೋಡಿ ನೇಯ್ದಿದ್ದಳು. ಮುಗಿದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಅದು ತನ್ನ ಶವಪೆಟ್ಟಿಗೆಯ ಮೇಲೆ ಹೊದಿಸಲಿಕ್ಕೆ ಎಂದು ಮಡಚಿ ಮೂಲೆಯ ಮರದ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಳು. ಮಗಳು ಟಿಲೊಮಾಯಿಯನ್ನು ಪೆನೆಹುರೊ ಮದುವೆಯಾದದ್ದು ಎಂಟು ವರ್ಷದ ಹಿಂದೆ. ಹಾಗಾಗಿ ಅಳಿಯನ ಮುಖವನ್ನೂ ಅಜ್ಜಿ ಕಂಡಿರಲಿಲ್ಲ.

"ದನಿ ಕೇಳಿದ್ರೆ ದಡ್ಡ ಅನ್ಸುತ್ತೆ," ಎಂದು ಅವಳು ನನ್ನೆದುರೇ ಹೇಳುತ್ತಿದ್ದಳು. "ಆದ್ರೂ ಮುಖ ನೋಡದೆ ತೀರ್ಮಾನ ಮಾಡ್ಬಾರ್ದು."

ಹಡಗು ಬರಲು ಮೂರು ವಾರವಿತ್ತು. ಅದರಲ್ಲಿ ಈ ಸಲ ಮೊದಲ ಬಾರಿಗೆ ಕಣ್ಣಿನ ಡಾಕ್ಟರು ಬರುತ್ತಿದ್ದರು. ಪಟ್ಟಿಯಲ್ಲಿ ಅಜ್ಜಿಯ ನಂಬರು ನಲವತ್ತೊಂದು. ಆ ನಂಬರನ್ನು ಅವಳು ಭಾನುವಾರದ ಪ್ರಾರ್ಥನೆಯಲ್ಲಿ ದೇವರಿಗೂ ಜ್ಞಾಪಿಸುತ್ತಿದ್ದಳು.

ಮಾರನೆಯ ದಿನ ಹಡಗಿನವರ ಪತ್ರ ಬಂತು. ನಾಲ್ಕೇ ಸಾಲು. ಸಮಾರಂಭದ ವ್ಯವಸ್ಥೆಯನ್ನು ತಮ್ಮ ಸರ್ಕಾರ 'ಗಮನಿಸಿದೆ' ಎಂದೂ, ಹಡಗಿನ ಪ್ರಯಾಣವನ್ನು 'ಮರುಪರಿಶೀಲಿಸಲಾಗುತ್ತಿದೆ' ಎಂದೂ ಇತ್ತು. ನಾನು ಅದನ್ನು ಕಾರ್ಯದರ್ಶಿಗಳಿಗೆ ಬಿಡಿಸಿ ಹೇಳಿದೆ: ಗಮನಿಸಿದೆ ಎಂದರೆ ಸಿಟ್ಟು ಬಂದಿದೆ. ಮರುಪರಿಶೀಲನೆ ಎಂದರೆ ಹಡಗು ಬರುವುದಿಲ್ಲ.

"ಕ್ರೇನಿನವನಾದ ಮೇಲೆ ನಮ್ಮನ್ನು ಕರೆದಿರಿ ಅಂತ ಅವರ ಗುಮಾಸ್ತ ಫೋನಲ್ಲಿ ಹೇಳ್ದ ಸಾರ್," ಎಂದೆ.

"ಮೀಕಾ, ಕೊನೇ ಕರಟ ಅಂದ್ರೆ ಏನು ಅಂತ ಒಂದು ಪತ್ರ ಬರೆದು ವಿವರಿಸು. ಅದೇ ದೊಡ್ಡ ಮರ್ಯಾದೆ ಅಂತ ಹೇಳು," ಎಂದರು ಲೇಸಾ.

ಬರೆದೆ. ಚೆನ್ನಾಗಿಯೇ ಬರೆದೆ. ಅದು ಟೈಪಾಗಿ ಸಹಿಗೆ ಹೋಗುವಷ್ಟರಲ್ಲಿ ಸೇತುವೆಯ ರಾಯಭಾರಿ ತಾವಾಗಿಯೇ ಕಚೇರಿಗೆ ಬಂದು, ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತರು.

"ಕೊನೆಯ ಕರಟವೇ ಶ್ರೇಷ್ಠವೆಂಬ ಅಭಿಪ್ರಾಯವೊಂದು ನಗರದಲ್ಲಿ ಹರಡಿದೆ. ಇದು ನಿಜವಾದಲ್ಲಿ, ಮೊದಲ ಕರಟವನ್ನು ನಮಗೆ ನೀಡಿದ್ದರ ಉದ್ದೇಶವೇನೆಂದು ತಿಳಿಯಬಯಸುತ್ತೇವೆ," ಎಂದರು.

ಅವರು ಹೋದ ಮೇಲೆ ಲೇಸಾ ನನ್ನ ಪತ್ರವನ್ನು ನಾಲ್ಕು ಚೂರು ಮಾಡಿದರು. ಇವರಿಗೆ ವಿವರಿಸಿದರೆ ಅವರಿಗೆ ಅವಮಾನ, ಅವರನ್ನು ಸಮಾಧಾನ ಮಾಡಿದರೆ ಇವರಿಗೆ ಅವಮಾನ. ಕೊನೆಗೆ, ಏನೂ ಹೇಳದಿರುವುದೇ ಸರ್ಕಾರದ ನಿಲುವು ಎಂದು ತೀರ್ಮಾನವಾಯಿತು. ಪೆನೆಹುರೊನನ್ನು ಮತ್ತೆ ಕುರ್ಚಿಗೆ ಹಾಕಿದರು. ಅವನ ಮೂರು ದಿನದ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಅವನು ಆ ದಿನ ಮನೆಗೆ ಬಂದು, ಯಾರೂ ಹೇಳದೆ, ಕೊಡ ಎತ್ತಿ ಒಳಗಿಟ್ಟ. ಅಜ್ಜಿಗೆ ಆಗಲೇ ಏನೋ ಆಗಿದೆ ಎಂದು ಗೊತ್ತಾಯಿತು.

"ಏನಾಯ್ತು ಹೇಳು."

"ಅತ್ತೆ, ಹಡಗು ಬರಲ್ಲ. ಅದು ನನ್ನಿಂದ."

ಎಲ್ಲವನ್ನೂ ಹೇಳಿದ. ಒಲೆಯ ಮುಂದಿದ್ದ ಟಿಲೊಮಾಯಿ ಕೋಕೋ ಕಲಕುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಕಿವಿಗೊಟ್ಟು ಕೂತಿದ್ದೆವು. ಒಂಬತ್ತು ವರ್ಷ ಕತ್ತಲಲ್ಲಿ ಕೂತವಳು ಆ ಮಾತಿಗೆ ಏನನ್ನುತ್ತಾಳೋ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

"ಪಟ್ಟಿಯಲ್ಲಿ ನಲವತ್ತೆರಡನೇದು ಯಾರು?" ಎಂದಳು ಅಜ್ಜಿ.

"ಗೊತ್ತಿಲ್ಲ ಅತ್ತೆ. ಒಟ್ಟು ನೂರಾ ಆರು ಜನ."

"ಅಷ್ಟು ಜನದ ಕಣ್ಣು. ಸರ್ಕಾರ ಏನ್ ಮಾಡುತ್ತಂತೆ?"

"ಸುಮ್ನಿರುತ್ತಂತೆ."

"ಅದು ಸರ್ಕಾರ, ಇರುತ್ತೆ. ನೀನು ಸರ್ಕಾರ ಅಲ್ವಲ್ಲ. ತಪ್ಪು ಮಾಡಿದೋರು ನಮ್ಮಲ್ಲಿ ಏನ್ ಮಾಡ್ತಾರೆ?"

ಎಲ್ಲರಿಗೂ ಗೊತ್ತಿರುವುದೇ. ನೊಂದವರ ಮನೆಯ ಮುಂದೆ, ಬೆಳಕು ಹರಿಯುವ ಮೊದಲು, ಮನೆಯ ಅತ್ಯುತ್ತಮ ಚಾಪೆಯನ್ನು ತಲೆಯ ಮೇಲೆ ಹೊದ್ದು ತಲೆ ಬಗ್ಗಿಸಿ ಕೂರಬೇಕು. ಇಫೋಂಗಾ ಎಂದು ಅದಕ್ಕೆ ಹೆಸರು. ಕೊಲೆಯಾದ ಮನೆಗಳ ಮುಂದೆಯೂ ಕೂತದ್ದುಂಟು. ಆ ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ, ಚಾಪೆ ಅವರದಾಗುತ್ತದೆ. ಬೇರೆ ಯಾರೂ ಅದನ್ನು ಎತ್ತುವಂತಿಲ್ಲ. ಅವರು ಎತ್ತದಿದ್ದರೆ ಕೂತೇ ಇರಬೇಕು.

"ಟಿಲೊಮಾಯಿ, ಪೆಟ್ಟಿಗೆ ತೆಗಿಯೇ," ಎಂದಳು ಅಜ್ಜಿ.

"ಅಮ್ಮಾ, ಅದು ನಿನ್ನದು."

"ನಂದೇ. ಅದಕ್ಕೇ ಕೊಡ್ತಿರೋದು."

ಮರುದಿನ ಬೆಳಗಿನ ಜಾವ ನನ್ನ ಹಳೆಯ ವ್ಯಾನಿನಲ್ಲಿ ಪೆನೆಹುರೊನನ್ನು ಗುಡ್ಡದ ಮೇಲೆ ಹಡಗಿನ ರಾಯಭಾರಿಯ ನಿವಾಸಕ್ಕೆ ಕರೆದುಕೊಂಡು ಹೋದೆ. ಸರ್ಕಾರಿ ನೌಕರನಾಗಿ ನಾನು ಇದರಲ್ಲಿ ಸೇರಿಲ್ಲ. ಪಕ್ಕದ ಮನೆಯವನಾಗಿ ವ್ಯಾನು ಓಡಿಸಿದೆ ಅಷ್ಟೇ. ಅವನು ಗೇಟಿನ ಮುಂದೆ ಕೂತು, ಚಾಪೆ ಹೊದ್ದು, ತಲೆ ಬಗ್ಗಿಸಿದ. ನಾನು ರಸ್ತೆಯ ಆಚೆ ದೀವಿಹಲಸಿನ ಮರದ ಕೆಳಗೆ ನಿಂತೆ.

ಗೇಟಿನಲ್ಲಿ ಕಾವಲಿಗಿದ್ದವನು ಹಿಂದಿನ ವಾರ ತಾನೇ ಅವರ ದೇಶದಿಂದ ಬಂದಿದ್ದ. ಪಾಪ, ಅವನ ಕೈಪಿಡಿಯಲ್ಲಿ ಏನಿತ್ತೋ ಅದನ್ನು ಮಾಡಿದ. ವಾಕಿಟಾಕಿ ಎತ್ತಿಕೊಂಡು, "ಗೇಟಿನ ಮುಂದೆ ಗುರುತಿಸಲಾಗದ ಒಂದು ವಸ್ತುವಿದೆ," ಎಂದ. ಕೂಡಲೇ ಒಳಗೆ ಗಂಟೆ ಮೊಳಗಿತು, ಬಾಗಿಲುಗಳು ದಡದಡ ಮುಚ್ಚಿಕೊಂಡವು. ವಸ್ತು ಇರುವ ತನಕ ಯಾರೂ ಹೊರಗೆ ಬರಬಾರದು ಎಂದು ಅವರ ನಿಯಮ. ಚಾಪೆ ಎತ್ತಬೇಕಾದ ಏಕೈಕ ಮನುಷ್ಯನನ್ನು ಅವರ ಕಾವಲಿನವರೇ ಒಳಗಿಟ್ಟು ಬೀಗ ಹಾಕಿದರು.

ಬಿಸಿಲೇರಿತು. ಎಂಟು ಗಂಟೆಗೆ ಟಿಲೊಮಾಯಿ ತಾಯಿಯ ಕೈಹಿಡಿದು ಬಸ್ಸಿನಿಂದ ಇಳಿದಳು. ಗಂಡ ತಪ್ಪು ಮಾಡಿದರೆ ಮನೆಯವರೂ ಜೊತೆಗೆ ಕೂರುವುದು ಪದ್ಧತಿ. ಅವಳು ಚಾಪೆಯ ಅಂಚಿನಿಂದ ಒಳಗೆ ನುಸುಳಿದಳು. ಅಜ್ಜಿ ಕೈಯಿಂದ ತಡವಿ ಜಾಗ ಹುಡುಕಿದಳು.

"ಸರಿದು ಕೂತ್ಕೊಳೋ. ಐದು ವರ್ಷ ನೇಯ್ದಿದೀನಿ, ನಂಗಿಷ್ಟು ಜಾಗ ಬೇಡ್ವಾ?"

"ವಸ್ತು ದೊಡ್ಡದಾಗುತ್ತಿದೆ," ಎಂದ ಕಾವಲಿನವನು ವಾಕಿಟಾಕಿಯಲ್ಲಿ. ಸ್ವಲ್ಪ ಹೊತ್ತಿಗೆ ಅಜ್ಜಿ ಬೇಸರ ಕಳೆಯಲು ಒಂದು ಸ್ತೋತ್ರ ಎತ್ತಿಕೊಂಡಳು. ಟಿಲೊಮಾಯಿ ದನಿಗೂಡಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಹೆಂಗಸರು ನಿಂತು ಅವರೂ ಸೇರಿಕೊಂಡರು. ಕಾವಲಿನವನು ಮತ್ತೆ ವಾಕಿಟಾಕಿ ಎತ್ತಿದ. "ವಸ್ತು ಹಾಡುತ್ತಿದೆ," ಎಂದ.

ಒಂಬತ್ತಕ್ಕೆ ಲೇಸಾ ಬಂದರು. ಇಸ್ತ್ರಿ ಮಾಡಿದ ಲುಂಗಿ, ಟೈ, ಕನ್ನಡಕ, ರಕ್ತದೊತ್ತಡ. ಕಾರಿನಿಂದ ಇಳಿದು ಚಾಪೆಯ ಹತ್ತಿರ ಹೋಗಿ ಪಿಸುಗುಟ್ಟಿದರು.

"ಪೆನೆಹುರೊ, ಎದ್ದು ಬಾ. ಸರ್ಕಾರ ಸುಮ್ನಿರಬೇಕು ಅಂತ ತೀರ್ಮಾನ ಆಗಿದೆ."

"ಸುಮ್ನೇ ಕೂತಿದೀನಲ್ಲ ಸಾರ್," ಎಂದಿತು ಚಾಪೆ.

ಲೇಸಾ ಚಾಪೆಗೆ ಕೈ ಹಾಕಲು ಹೋಗಿ ಹಿಂದಕ್ಕೆ ಎಳೆದುಕೊಂಡರು. ಕಾರ್ಯದರ್ಶಿಯಾಗಿ ಅವರು ಗುಮಾಸ್ತನನ್ನು ಎಬ್ಬಿಸಬೇಕು. ಮುಖ್ಯಸ್ಥನಾಗಿ, ಇಫೋಂಗಾದ ಚಾಪೆಯನ್ನು ಮುಟ್ಟಿದರೆ ಊರಿಗೆ ಮುಖ ತೋರಿಸುವಂತಿಲ್ಲ. ಅವರು ಯೋಚಿಸಿ, ಮಂಡಿಯೂರಿ, ಚಾಪೆ ಎತ್ತದೆ ಅದರ ಅಂಚಿನಿಂದ ತಲೆಯನ್ನು ಮಾತ್ರ ಒಳಗೆ ತೂರಿಸಿದರು. ಒಳಗಿನಿಂದ ಅಜ್ಜಿಯ ದನಿ ಕೇಳಿತು.

"ಲೇಸಾನಾ? ನಿಮ್ಮಪ್ಪನ ಸಾವಿಗೆ ಚಾಪೆ ಯಾರು ನೇಯ್ದು ಕೊಟ್ಟಿದ್ದು? ನಾನು. ಈಗ ನೂರಾ ಆರು ಜನಕ್ಕೆ ಕಣ್ಣು ಬೇಕು ಅಂದ್ರೆ ನಿನ್ನ ಸರ್ಕಾರಕ್ಕೆ ಬಾಯಿಲ್ವಾ?"

ಅದೇ ವೇಳೆಗೆ ಸೇತುವೆಯ ರಾಯಭಾರಿ ತಮ್ಮ ಸಣ್ಣ ನಾಯಿಯೊಡನೆ ವಾಯುವಿಹಾರಕ್ಕೆ ಆ ದಾರಿಯಲ್ಲಿ ಬಂದರು. ತಮ್ಮ ಎದುರಾಳಿ ದೇಶದ ಗೇಟಿನ ಮುಂದೆ ನಮ್ಮ ಸರ್ಕಾರದ ಕಾರ್ಯದರ್ಶಿ ಹೆಗಲವರೆಗೆ ಕ್ಷಮಾಪಣೆಯ ಚಾಪೆಯೊಳಗಿರುವುದನ್ನು ನೋಡಿ ನಿಂತರು. ಆಮೇಲೆ ಮರದ ಕೆಳಗಿದ್ದ ನನ್ನನ್ನು ನೋಡಿದರು.

"ಇದರ ಅರ್ಥವೇನು?"

ಇಪ್ಪತ್ತು ವರ್ಷ ಪತ್ರ ಬರೆದ ಅನುಭವವೆಲ್ಲ ನನ್ನ ನೆರವಿಗೆ ಬಂತು. "ಕಾರ್ಯದರ್ಶಿಗಳು ಕನ್ನಡಕ ಬೀಳಿಸ್ಕೊಂಡಿದಾರೆ. ಹುಡುಕ್ತಾ ಇದಾರೆ," ಎಂದೆ.

"ಹಾಗಾದರೆ ಸಿಗುವವರೆಗೆ ಕಾಯುತ್ತೇನೆ," ಎಂದು ಅವರು ನಾಯಿಯ ಸಮೇತ ನೆರಳಿಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಮಾತು ಕೇಳಿಸಿಕೊಂಡ ಲೇಸಾ ಹೊರಗೆ ಬರುವ ಬದಲು ಇನ್ನಷ್ಟು ಒಳಗೆ ಸರಿದರು. ಈಗ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಹತ್ತೂವರೆಗೆ ನಿವಾಸದ ಬಾಗಿಲು ತೆರೆಯಿತು. ಒಳಗೆ ಏನಾಯಿತೆಂದು ಆಮೇಲೆ ಅಲ್ಲಿನ ಅಡುಗೆಯಾಕೆ ಹೇಳಿದಳು. ರಾಯಭಾರಿ ಮಹಡಿಯ ಕಿಟಕಿಯಿಂದ ಬೆಳಗಿನಿಂದಲೂ ನೋಡುತ್ತಿದ್ದರಂತೆ. "ಅದೇನು ವಸ್ತು?" ಎಂದು ಕಾಫಿ ತಂದವಳನ್ನು ಕೇಳಿದರಂತೆ. "ವಸ್ತು ಅಲ್ಲ ಸ್ವಾಮಿ, ಅದು ಪೆನೆಹುರೊ. ನೀವು ಹೋಗಿ ಎತ್ತೋ ತನಕ ಏಳಲ್ಲ. ಸಾಯಂಕಾಲ ಆದ್ರೂ ಏಳಲ್ಲ, ನಾಳೆ ಆದ್ರೂ ಏಳಲ್ಲ," ಎಂದಳಂತೆ. ಅವರು ಕಾಫಿ ಅಲ್ಲೇ ಬಿಟ್ಟು, ಮನೆಯ ಚಪ್ಪಲಿಯಲ್ಲೇ, ಕಾವಲಿನವನು ಬೇಡ ಬೇಡ ಎನ್ನುತ್ತಿದ್ದರೂ ಗೇಟು ತೆಗೆಸಿಕೊಂಡು ಹೊರಗೆ ಬಂದರು. ಹಿಂದಿನಿಂದ ಅಡುಗೆಯಾಕೆ ಸೌಟು ಹಿಡಿದುಕೊಂಡೇ ಬಂದಿದ್ದಳು.

"ಅಂಚು ಹಿಡಿದು ಎತ್ತಿ ಸ್ವಾಮಿ. ಮೆತ್ತಗೆ."

ಅವರು ಎರಡೂ ಕೈಯಿಂದ ಚಾಪೆ ಎತ್ತಿದರು. ಒಬ್ಬ ಗುಮಾಸ್ತ ಇರುತ್ತಾನೆಂದು ತಿಳಿದಿದ್ದ ಜಾಗದಲ್ಲಿ ನಾಲ್ಕು ಜನ ಬೆವರುತ್ತ ಕೂತಿದ್ದರು, ಅವರಲ್ಲಿ ಒಬ್ಬರು ವಿದೇಶಾಂಗ ಕಾರ್ಯದರ್ಶಿ.

"ಕನ್ನಡಕ ಸಿಕ್ಕಿದೆಯೆಂದು ಕಾಣುತ್ತದೆ," ಎಂದರು ನನ್ನ ಪಕ್ಕದಿಂದ ಸೇತುವೆಯ ರಾಯಭಾರಿ. ಅದು ಲೇಸಾ ಅವರ ಮೂಗಿನ ಮೇಲೇ ಇತ್ತು.

ಪೆನೆಹುರೊ ತಲೆ ಎತ್ತಲಿಲ್ಲ. "ಸ್ವಾಮಿ, ಕೊನೇ ಕರಟ ಕೊಡ್ಸಿದ್ದು ನಾನು. ನಮ್ಮಲ್ಲಿ ಅದು ದೊಡ್ಡೋರಿಗೆ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡೆ. ನಿಮ್ಮಲ್ಲಿ ಹೇಗೆ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಸಿಟ್ಟಿದ್ರೆ ನನ್ನ ಮೇಲಿರಲಿ. ಹಡಗಿನ ಮೇಲೆ ಬೇಡ."

ರಾಯಭಾರಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಗಾಳಿಯಲ್ಲಿ ಕೈಯಾಡಿಸಿ ಅವರ ಮುಂಗೈ ಹಿಡಿದಳು.

"ಎತ್ತಿದ್ದು ನೀನೇ ಏನಪ್ಪ? ಕೈ ಎಷ್ಟು ತಣ್ಣಗಿದೆ. ಊಟ ಬಿಟ್ಟು ಹೋದ್ಯಂತೆ ಅವತ್ತು, ಆಮೇಲೆ ಏನಾದ್ರೂ ತಿಂದ್ಯಾ?"

ಅವರು ಅವಳ ಬಿಳಿಯ ಕಣ್ಣುಗಳನ್ನು ನೋಡಿದರು. "ತಿಂದೆನು," ಎಂದರು. ಅವರ ಪುಸ್ತಕದ ಭಾಷೆ ಅಲ್ಲಿಗೆ ನಿಂತುಹೋಯಿತು.

"ಹಾಗಿದ್ದರೆ ಮೊದಲನೆಯದು ಚಿಕ್ಕವರಿಗೆ?" ಎಂದರು ಸೇತುವೆಯವರು ಮರದ ಕೆಳಗಿನಿಂದ. ಲೇಸಾ ಕಣ್ಣು ಮುಚ್ಚಿಕೊಂಡರು. ಈ ಪ್ರಶ್ನೆಗೇ ಹೆದರಿ ಇಡೀ ಸರ್ಕಾರ ಹಿಂದಿನ ದಿನದಿಂದ ಬಾಯಿ ಮುಚ್ಚಿಕೊಂಡಿತ್ತು.

ಅಜ್ಜಿ ದನಿ ಬಂದ ಕಡೆ ತಿರುಗಿದಳು. "ನೀನು ಸೇತುವೆಯವನಾ? ಒಳ್ಳೇ ಸೇತುವೆ ಕಣಪ್ಪ, ದಿನಾ ನಡೀತೀನಿ. ಅದಕ್ಕೆ ಎರಡು ತುದಿ ಇಟ್ಟಿದೀಯಲ್ಲ, ಯಾವ ತುದಿ ದೊಡ್ಡದು ಹೇಳು."

ಸೇತುವೆಯ ರಾಯಭಾರಿ ನಾಯಿಯ ಹಗ್ಗ ಕೈಗೆ ಸುತ್ತಿಕೊಳ್ಳುತ್ತ, ಅದನ್ನು ತಮ್ಮ ರಾಜಧಾನಿಗೆ ಬರೆದು ಕೇಳಬೇಕಾಗುತ್ತದೆ ಎಂದರು. ಉತ್ತರ ಇನ್ನೂ ಬಂದಿಲ್ಲ.

ಹಡಗು ಹೇಳಿದ ದಿನಕ್ಕೆ ಸರಿಯಾಗಿ ಬಂದರಿಗೆ ಬಂತು. ನಲವತ್ತೊಂದನೆಯ ನಂಬರನ್ನು ಎರಡನೆಯ ದಿನ ಕರೆದರು. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುವಾಗ ನಾವೆಲ್ಲ ಹಡಗಿನ ಆ ಸಣ್ಣ ಕೋಣೆಯಲ್ಲಿದ್ದೆವು. ಅಜ್ಜಿ ಮೊದಲು ಮಗಳನ್ನು ನೋಡಿದಳು.

"ಇದೇನೇ ಟಿಲೊಮಾಯಿ, ತಲೆ ನರೆತಿದೆ," ಎಂದಳು, ಮತ್ತೆ ಅವಳ ತಲೆ ಸವರಿದಳು. ಆಮೇಲೆ ಬಾಗಿಲ ಬಳಿ ಹಿಂದೆ ಹಿಂದೆ ನಿಂತಿದ್ದ ಪೆನೆಹುರೊನನ್ನು ಹತ್ತಿರ ಕರೆದಳು. ಅವನ ಮುಖವನ್ನು ಎ‌ರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅವನು ಪರೀಕ್ಷೆಗೆ ಕೂತವನಂತೆ ಕಣ್ಣು ಮಿಟುಕಿಸದೆ ನಿಂತ.

"ಎಂಟು ವರ್ಷದಿಂದ ದಡ್ಡ ಅಂದ್ಕೊಂಡಿದ್ದೆ," ಎಂದಳು ಅಜ್ಜಿ. "ಈಗ ಮುಖಾನೂ ನೋಡ್ದೆ. ಅನುಮಾನ ಇಲ್ಲ."

ಆದರೆ ಮುಖದಿಂದ ಕೈ ತೆಗೆಯಲಿಲ್ಲ. ಪೆನೆಹುರೊ ಅತ್ತ. ಟಿಲೊಮಾಯಿ ಅತ್ತಳು. ನಾನು ಕಿಟಕಿಯಿಂದ ಬಂದರಿನ ಕ್ರೇನು ನೋಡಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜಿಗೆ ತನ್ನ ಚಾಪೆ ನೋಡಬೇಕು ಅನಿಸಿತು. ಅದು ರಾಯಭಾರಿ ನಿವಾಸದ ಹಜಾರದಲ್ಲಿ ಗೋಡೆಯ ಮೇಲಿತ್ತು. ರಾಯಭಾರಿ ತಾವೇ ಕಾರು ಕಳಿಸಿ ಅವಳನ್ನು ಕರೆಸಿದರು. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೋಡುತ್ತ ಬಂದು, ಒಂದು ಮೂಲೆಯಲ್ಲಿ ನಿಂತುಬಿಟ್ಟಳು.

"ಇಲ್ಲಿ ಎಳೆ ತಪ್ಪಿದೆ. ಕಣ್ಣು ಹೋದ ವರ್ಷದ್ದು. ಛೇ, ಇಂಥದ್ದನ್ನ ಕೊಟ್ಬಿಟ್ನಲ್ಲ."

"ನನಗೆ ಏನೂ ಕಾಣಿಸುತ್ತಿಲ್ಲವಲ್ಲ," ಎಂದರು ರಾಯಭಾರಿ.

"ಮುಂದಿನ ಹಡಗಿಗೆ ನಿನ್ನ ಹೆಸರೂ ಬರೆಸ್ತೀನಿ. ಇಳಿಸು ಅದನ್ನ, ಮನೆಗೆ ತಗೊಂಡ್ಹೋಗಿ ಬಿಚ್ಚಿ ಸರಿ ಮಾಡ್ಕೊಡ್ತೀನಿ."

ಅದು ಆಗುವಂತಿರಲಿಲ್ಲ. ಚಾಪೆಯನ್ನು ಅವರ ದೇಶದ ಸ್ವತ್ತು ಎಂದು ಆಗಲೇ ದಾಖಲಿಸಿದ್ದರು. ರಾಯಭಾರಿ ತಮ್ಮ ರಾಜಧಾನಿಗೆ ಬರೆದರು. 'ಸದರಿ ವಸ್ತುವು' ಅಧಿಕೃತ ಅಧಿಕಾರಿಯೊಬ್ಬರ ಕಣ್ಣಳತೆಯಿಂದ ಆಚೆ ಹೋಗತಕ್ಕದ್ದಲ್ಲ ಎಂದು ಉತ್ತರ ಬಂತು. ಆ ದೇಶಕ್ಕೆ ನಮ್ಮಲ್ಲಿದ್ದ ಅಧಿಕೃತ ಅಧಿಕಾರಿ ಒಬ್ಬರೇ. ಹೀಗಾಗಿ ಪ್ರತಿ ಗುರುವಾರ ಮಧ್ಯಾಹ್ನ ರಾಯಭಾರಿಗಳು ಬಾವುಟ ಕಟ್ಟಿದ ಕಾರಿನಲ್ಲಿ ಚಾಪೆಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಕೇರಿಗೆ ಬಂದು, ಬೂಟು ಬಿಚ್ಚಿ, ಪೆನೆಹುರೊನ ಮನೆಯ ನೆಲದ ಮೇಲೆ ಕಾಲು ಮಡಚಿ ಕೂರತೊಡಗಿದರು. ಮೊದಲ ವಾರ ಅವರಿಗೆ ಎದ್ದು ನಿಲ್ಲಲು ಇಬ್ಬರು ಕೈಕೊಡಬೇಕಾಯಿತು.

ಎರಡನೆಯ ಗುರುವಾರ ಸೇತುವೆಯ ರಾಯಭಾರಿಯೂ ನೋಟ್‌ಬುಕ್ಕು ಹಿಡಿದು ಬಂದರು. ಪರಿಸ್ಥಿತಿಯನ್ನು ಗಮನಿಸಲು ಬಂದಿದ್ದೇನೆ ಎಂದರು. ಅಜ್ಜಿ ಅವರ ಕೈಯಿಂದ ನೋಟ್‌ಬುಕ್ಕು ತೆಗೆದಿಟ್ಟು ಚಾಪೆಯ ಒಂದು ಮೂಲೆ ಕೊಟ್ಟಳು. "ಗಮನಿಸ್ತಾ ಹಿಡ್ಕೊ. ಆ ತುದಿ ಅವನು ಹಿಡೀತಾನೆ. ಬಿಗಿಯಾಗಿರಬೇಕು, ಎಳೀಬಾರ್ದು."

ಎರಡು ದೇಶಗಳು ಎರಡು ತುದಿ ಹಿಡಿದು ಕೂತವು. ಅಜ್ಜಿ ನಡುವೆ ಕೂತು ಎಳೆ ಬಿಚ್ಚಿದಳು.

"ಅದೇನೋ ಬಂಡೆ ಅಂತಲ್ಲ, ಅದರ ಮೇಲೆ ಏನಿದೆ?" ಎಂದು ಒಂದು ದಿನ ಕೇಳಿದಳು.

"ಹಕ್ಕಿಗಳು," ಎಂದರು ಇಬ್ಬರೂ.

"ಯಾವ ಹಕ್ಕಿ?"

ಇಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ಗುರುವಾರ ಇಬ್ಬರೂ ಒಂದೇ ಪುಸ್ತಕ ತಂದು, ಬೆರಳಿಟ್ಟು ತೋರಿಸಿದರು. ಬಂಡೆಯ ಜಗಳ ಇದರಿಂದ ನಿಂತಿತು ಎಂದು ನಾನು ಹೇಳುವುದಿಲ್ಲ. ಆ ನೌಕೆಗಳು ಇನ್ನೂ ಸುತ್ತುತ್ತಿವೆ, ನಾನು ಇನ್ನೂ ಕಳವಳ ಬರೆಯುತ್ತಿದ್ದೇನೆ. ಆ ನೆಲದ ಮೇಲೆ ಮಾತ್ರ ಯಾರೂ ಚಾಪೆ ಎಳೆಯಲಿಲ್ಲ.

ಒಂಬತ್ತನೆಯ ಗುರುವಾರ ಕೊನೆಯ ಎಳೆ ಕೂತಿತು. ಲೇಸಾ ಕೂಡ ಬಂದಿದ್ದರು. ಟಿಲೊಮಾಯಿ ಎಲ್ಲರಿಗೂ ಕೋಕೋ ಮಾಡಿ, ಸಂತೋಷಕ್ಕೆ ಕರಟಗಳಲ್ಲಿ ತುಂಬಿಟ್ಟಳು. ಹಂಚುವ ಕೆಲಸ ಅಭ್ಯಾಸದಂತೆ ಪೆನೆಹುರೊನದು. ಅವನು ಮೊದಲ ಕರಟ ಎತ್ತಿಕೊಂಡು ಎದ್ದ, ಹಾಗೇ ನಿಂತ. ಬಲಗಡೆ ಸೇತುವೆ, ಎಡಗಡೆ ಹಡಗು.

"ನನಗೆ ಕೊನೆಯದೇ ಇರಲಿ," ಎಂದರು ಹಡಗಿನ ರಾಯಭಾರಿ, ಎಲ್ಲ ಬಲ್ಲವರಂತೆ.

"ಕ್ಷಮಿಸಿ, ಈ ಸಲ ಕೊನೆಯದು ನನಗೆ," ಎಂದರು ಸೇತುವೆಯ ರಾಯಭಾರಿ.

ಲೇಸಾ ಎದೆ ಹಿಡಿದುಕೊಂಡರು. ನಾನು ಮನಸ್ಸಿನಲ್ಲೇ ಪತ್ರದ ಒಕ್ಕಣೆ ಶುರುಮಾಡಿದೆ.

"ಪೆನೆಹುರೊ," ಎಂದಳು ಅಜ್ಜಿ, "ಆ ಕರಟ ಇಲ್ಲಿ ಕೊಡು. ಕೂತ್ಕೊ."

ಅವನು ಕೂತ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಪಟ್ಟದವರ ಹೆಸರು ಕೂಗುವ ರಾಗದಲ್ಲಿ, ಕೇರಿಗೆಲ್ಲ ಕೇಳುವಂತೆ ಮೊದಲ ಹೆಸರು ಕೂಗಿದಳು. ಅದು ಅವಳ ಅಳಿಯನ ಹೆಸರು. ಹದಿನಾರು ವರ್ಷ ಬೇರೆಯವರ ಕುರ್ಚಿ ಜೋಡಿಸಿದವನು ಕರಟ ತೆಗೆದುಕೊಳ್ಳುವಾಗ ಅರ್ಧ ಕೋಕೋ ಅವನ ಲುಂಗಿಯ ಮೇಲೆ ಚೆಲ್ಲಿತು. ಉಳಿದರ್ಧ ಅವನು ಕಣ್ಣು ಮುಚ್ಚಿ ಕುಡಿದ. ಆಮೇಲೆ ಲೇಸಾ, ನಾನು, ಟಿಲೊಮಾಯಿ, ಇಬ್ಬರು ರಾಯಭಾರಿಗಳು, ಯಾರು ಯಾರ ಹಿಂದೆ ಎಂದು ಯಾರೂ ಎಣಿಸಲಿಲ್ಲ. ಕೊನೆಯ ಕರಟವನ್ನು ಅಜ್ಜಿ ತಾನೇ ಎತ್ತಿಕೊಂಡು, ಒಳಗಿನ ಕೋಕೋವನ್ನು ಒಂದು ಗಳಿಗೆ ಕಣ್ತುಂಬ ನೋಡಿ, ಕುಡಿದಳು.

ಈ ಬಗ್ಗೆ ಎರಡು ದೇಶಗಳಿಂದಲೂ ಇದುವರೆಗೆ ಯಾವ ಪತ್ರವೂ ಬಂದಿಲ್ಲ.